ಎಲ್ಲರಿಗೂ ಒಂದೇ ಭಾನುವಾರ

ಜರ್ಮನಿಗೆ ಬಂದು ನೆಲೆಸಿದವರನ್ನು ಮಾತಿಗೆಳೆದರೆ ಮೊದಲು ಹೊರಬೀಳುವುದು ದೂರುಗಳೇ. ಬಾಡಿಗೆಗೆ ಮನೆ ಸಿಗುವುದಿಲ್ಲ. ಸಿಕ್ಕರೂ ಅಕ್ಕಪಕ್ಕದವರು ಬಾಯಿ ಬಿಡುವುದಿಲ್ಲ. ವಿಮೆ, ಬ್ಯಾಂಕು, ವೀಸಾ ಎಲ್ಲದಕ್ಕೂ ಕಾಗದ, ಅದೂ ಅಂಚೆಯಲ್ಲಿ ಬರುವ ಕಾಗದ. ಮ್ಯೂನಿಕ್‌ನಲ್ಲೇ ಕಚೇರಿ ಇರುವ ಇಂಟರ್‌ನೇಷನ್ಸ್ ಎಂಬ ಸಂಸ್ಥೆ ಪ್ರತಿವರ್ಷ ಹೊರದೇಶಗಳಲ್ಲಿ ನೆಲೆಸಿದವರ ಅಭಿಪ್ರಾಯ ಕಲೆಹಾಕುತ್ತದೆ. 2024ರಲ್ಲಿ ಅದರ ಪಟ್ಟಿಯಲ್ಲಿದ್ದ 53 ದೇಶಗಳ ಪೈಕಿ ಜರ್ಮನಿ ನಿಂತದ್ದು 50ನೇ ಸ್ಥಾನದಲ್ಲಿ. ತಮ್ಮ ಊರಿನ ಸಂಸ್ಥೆಯಿಂದಲೇ ಹೀಗೆ ಅನ್ನಿಸಿಕೊಂಡ ಮೇಲೂ ಜರ್ಮನ್ನರು ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ಆದರೂ ಜನ ಬರುತ್ತಲೇ ಇದ್ದಾರೆ. ಇಲ್ಲಿರುವ ಭಾರತೀಯರ ಸಂಖ್ಯೆ ಎರಡೂವರೆ ಲಕ್ಷ ದಾಟಿದೆ. ನುರಿತ ಭಾರತೀಯ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳ ಮಿತಿಯನ್ನು 2024ರ ಅಕ್ಟೋಬರ್‌ನಲ್ಲಿ ಸರ್ಕಾರ 20 ಸಾವಿರದಿಂದ 90 ಸಾವಿರಕ್ಕೆ ಏರಿಸಿತು. ವಿಶ್ವವಿದ್ಯಾಲಯಗಳಲ್ಲಿ ಓದುವ ಹೊರದೇಶದ ವಿದ್ಯಾರ್ಥಿಗಳಲ್ಲೂ ಭಾರತೀಯರದೇ ಮೊದಲ ಸ್ಥಾನ. ದುಡ್ಡೊಂದೇ ಕಾರಣವಾಗಿದ್ದರೆ ಅಮೆರಿಕವಿತ್ತು, ಕೊಲ್ಲಿ ದೇಶಗಳಿದ್ದವು. ದೂರು ಹೇಳಿ ಸುಸ್ತಾದವರನ್ನೇ ‘ಹಾಗಾದ್ರೆ ವಾಪಸ್ ಹೋಗ್ತೀರಾ?’ ಎಂದು ಕೇಳಿ ನೋಡಿ. ಸ್ವಲ್ಪ ತಡೆದು, ‘ಇಲ್ಲ ಕಣ್ರೀ, ಇಲ್ಲಿ ಒಂಥರಾ ನೆಮ್ಮದಿ ಇದೆ’ ಅನ್ನುತ್ತಾರೆ. ಆ ‘ಒಂಥರಾ’ ಯಾವ ಥರ ಎಂದು ಬಿಡಿಸಿ ಹೇಳಲು ಮಾತ್ರ ಹೆಚ್ಚಿನವರಿಗೆ ಪುರಸೊತ್ತಿಲ್ಲ.

ಬಿಡಿಸಿ ನೋಡುವುದಕ್ಕೆ ಸ್ಟುಟ್‌ಗಾರ್ಟ್ ಒಳ್ಳೆಯ ಜಾಗ. ಬಾಷ್, ಮರ್ಸಿಡಿಸ್, ಪೋರ್ಷೆ ಮೂರೂ ಕಂಪನಿಗಳ ಮೂಲಮನೆ ಈ ಊರಿನಲ್ಲಿ ಅಥವಾ ಇದರ ಆಸುಪಾಸಿನಲ್ಲಿದೆ. ಬೆಂಗಳೂರಿಗರು ಮೈಕೊ ಎಂದೇ ಕರೆಯುತ್ತಿದ್ದ ಆಡುಗೋಡಿಯ ಕಾರ್ಖಾನೆ ಬಾಷ್‌ನದು. ಹಾಗಾಗಿ ಎರಡು ಊರುಗಳ ನಡುವೆ ಎಂಜಿನಿಯರುಗಳ ಓಡಾಟ ಹಳೆಯದು. ಅದಕ್ಕೂ ಹಿಂದಿನ ನಂಟೊಂದಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇಲ್ಲಿಂದ ಉತ್ತರಕ್ಕಿರುವ ಬ್ರಾಕೆನ್‌ಹೈಮ್ ಎಂಬ ದ್ರಾಕ್ಷಿತೋಟಗಳ ಊರಿನಲ್ಲಿ. ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ದಕ್ಷಿಣಕ್ಕಿರುವ ಟ್ಯೂಬಿಂಗನ್‌ನಲ್ಲಿ. ಈ ಸೀಮೆಯ ಜನ ಶ್ವಾಬಿಯನ್ನರು. ಜಿಪುಣರು, ದುಡಿದು ಸಾಯುವವರು, ನಗದವರು ಎಂದು ಉಳಿದ ಜರ್ಮನ್ನರೇ ಇವರನ್ನು ಆಡಿಕೊಳ್ಳುತ್ತಾರೆ. ಇಂಥವರ ನಡುವೆ ಹಾಯಾಗಿ ಬದುಕಬಹುದಾದರೆ ಜರ್ಮನಿಯ ಯಾವ ಮೂಲೆಯಲ್ಲೂ ಬದುಕಬಹುದು.

ಅಂಗಡಿ ಮುಚ್ಚುವ ಹಕ್ಕು

ಹೊಸಬರು ಮೊದಲು ಸಿಟ್ಟಾಗುವುದು ಭಾನುವಾರದ ಮೇಲೆ. ಶನಿವಾರ ಸಂಜೆ ಸೂಪರ್‌ಮಾರ್ಕೆಟ್ಟಿಗೆ ಹೋದರೆ ಊರಿಗೆ ಊರೇ ಅಲ್ಲಿರುತ್ತದೆ. ಬ್ರೆಡ್ಡಿನ ಕಪಾಟು ಅರ್ಧ ಖಾಲಿ, ಕ್ಯಾಷ್ ಕೌಂಟರಿನಲ್ಲಿ ಉದ್ದದ ಸಾಲು. ಮರುದಿನ ಬಾಗಿಲು ಹಾಕಿದ ಊರು. ಹಾಲು ಮುಗಿದಿದ್ದರೆ ಪೆಟ್ರೋಲ್ ಬಂಕಿಗೋ ರೈಲ್ವೆ ನಿಲ್ದಾಣಕ್ಕೋ ಹೋಗಿ ದುಬಾರಿ ಬೆಲೆ ಕೊಡಬೇಕು. ಬೇಕರಿಗಳು ಬೆಳಿಗ್ಗೆ ಕೆಲವು ಗಂಟೆ ತೆರೆಯುತ್ತವೆ. ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ. ವಾರವಿಡೀ ದುಡಿದವನು ಭಾನುವಾರವೂ ತನ್ನ ಮನೆಗೆಲಸ ಮಾಡಿಕೊಳ್ಳಬಾರದೇ ಎಂದು ರೇಗಿಹೋಗುತ್ತದೆ.

ಇದು ಬರೀ ವ್ಯಾಪಾರಿಗಳ ಸಂಪ್ರದಾಯವಲ್ಲ. ಭಾನುವಾರ ಕೆಲಸದಿಂದ ಬಿಡುವಿನ ದಿನ, ಮನಸ್ಸಿನ ಉನ್ನತಿಯ ದಿನ ಎಂದು 1919ರ ವೈಮಾರ್ ಸಂವಿಧಾನವೇ ಬರೆದಿತ್ತು. ಯುದ್ಧ ಮುಗಿದು 1949ರಲ್ಲಿ ಹೊಸ ಸಂವಿಧಾನ ಬರೆದಾಗ ಆ ಮಾತನ್ನು ಹಾಗೇ ಎತ್ತಿಟ್ಟುಕೊಂಡರು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬರ್ಲಿನ್ ರಾಜ್ಯ ಅನುಮತಿ ಕೊಟ್ಟಾಗ ಚರ್ಚುಗಳು ನ್ಯಾಯಾಲಯಕ್ಕೆ ಹೋದವು. 2009ರ ಡಿಸೆಂಬರ್ 1ರಂದು ಸಂವಿಧಾನ ನ್ಯಾಯಾಲಯ ಚರ್ಚುಗಳ ಪರ ತೀರ್ಪಿತ್ತಿತು: ಅಂಗಡಿಯವನಿಗೆ ಲಾಭವಿದೆ, ಗಿರಾಕಿಗೆ ಆಸೆಯಿದೆ ಎಂಬುದಷ್ಟೇ ಭಾನುವಾರವನ್ನು ಮುರಿಯಲು ಕಾರಣವಾಗದು. ಆಸ್ಪತ್ರೆ, ರೈಲು, ಹೋಟೆಲುಗಳು ನಡೆಯಲೇಬೇಕಲ್ಲ. ಅಲ್ಲಿ ದುಡಿಯುವವರಿಗೆ ಬೇರೆ ದಿನ ರಜೆ ಕೊಡಬೇಕು, ವರ್ಷಕ್ಕೆ ಕನಿಷ್ಠ 15 ಭಾನುವಾರ ಬಿಡುವಿರಬೇಕು ಎಂಬುದು ಕಾನೂನು.

ಕಾಲ ಕಳೆದಂತೆ ಹೊಸಬರ ಸಿಟ್ಟು ಇಳಿಯುತ್ತದೆ. ಏನನ್ನೂ ಕೊಳ್ಳಲಾಗದ ದಿನದಲ್ಲಿ ಮಾಡಲು ಉಳಿಯುವುದು ಮೂರು ನಾಲ್ಕೇ ಕೆಲಸ: ತಿನ್ನುವುದು, ನಡೆಯುವುದು, ಮಾತಾಡುವುದು, ಮಲಗುವುದು. ಜರ್ಮನಿಯ ಮೂರನೇ ಒಂದು ಪಾಲು ಕಾಡು. ಅದು ಸರ್ಕಾರದ್ದಿರಲಿ ಖಾಸಗಿಯವರದ್ದಿರಲಿ, ಅಡ್ಡಾಡುವ ಹಕ್ಕು ಎಲ್ಲರಿಗೂ ಇದೆ. ಸ್ಟುಟ್‌ಗಾರ್ಟ್‌ನಲ್ಲಿ ಟ್ರಾಮ್ ಇಳಿದರೆ ಕಾಡು. ಭಾನುವಾರ ಮಧ್ಯಾಹ್ನ ಅಲ್ಲಿ ಅಜ್ಜ–ಅಜ್ಜಿ, ತಳ್ಳುಗಾಡಿಯಲ್ಲಿ ಕೂಸು, ನಾಯಿ, ಎಲ್ಲರೂ ಇರುತ್ತಾರೆ. ನಗರದ ಬೀದಿಯಲ್ಲಿ ಮುಖ ತಿರುಗಿಸುವವರು ಕಾಡಿನ ದಾರಿಯಲ್ಲಿ ಅಪರಿಚಿತರಿಗೂ ನಮಸ್ಕಾರ ಹೇಳುತ್ತಾರೆ. ಮೂರೂವರೆ ನಾಲ್ಕರ ಹೊತ್ತಿಗೆ ಕಾಫಿ, ಕೇಕು. ರಾತ್ರಿ ಎಂಟೂಕಾಲಿಗೆ ಟಿ.ವಿ.ಯಲ್ಲಿ 1970ರಿಂದ ನಡೆದುಬಂದಿರುವ ‘ಟಾಟೋರ್ಟ್’ ಪತ್ತೇದಾರಿ ಸರಣಿ. ಇದರಲ್ಲಿ ರೋಚಕವಾದದ್ದು ಏನೂ ಇಲ್ಲ. ಆದರೆ ಎದುರು ಸಿಗುವ ಯಾರೂ ಅವಸರದಲ್ಲಿಲ್ಲ ಎಂಬುದು ಬೆಂಗಳೂರಿನಿಂದ ಬಂದವರಿಗೆ ದೊಡ್ಡ ಅನುಭವ. ಶನಿವಾರ ರಾತ್ರಿ ಬಿಲ್ ಹಾಕಿದ ಹುಡುಗಿಯೂ ಅದೇ ಕಾಡಿನಲ್ಲಿ ನಡೆಯುತ್ತಿರಬಹುದು.

ಶನಿವಾರ ಅಪ್ಪ ನನ್ನವನು

ಜರ್ಮನ್ನರಿಗೆ ಕೆಲಸ–ಬಿಡುವಿನ ಶಿಸ್ತು ಹುಟ್ಟಿನಿಂದಲೇ ಬಂದಿದೆ ಎಂದು ನಮ್ಮವರು ನಂಬುತ್ತಾರೆ. ಇತಿಹಾಸ ಬೇರೆ ಹೇಳುತ್ತದೆ. 1906ರಲ್ಲಿ ಸ್ಟುಟ್‌ಗಾರ್ಟ್‌ನ ರಾಬರ್ಟ್ ಬಾಷ್ ತನ್ನ ಕಾರ್ಖಾನೆಯಲ್ಲಿ ಎಂಟು ಗಂಟೆಯ ದುಡಿಮೆ ಜಾರಿಗೆ ತಂದಾಗ ಉಳಿದ ಮಾಲೀಕರು ಆತನನ್ನು ‘ಕೆಂಪು ಬಾಷ್’ ಎಂದು ಮೂದಲಿಸಿದರು. ದೇಶಕ್ಕೆಲ್ಲ ಆ ನಿಯಮ ಬಂದದ್ದು 1918ರ ಕ್ರಾಂತಿಯ ನಂತರ. ಎರಡನೇ ಮಹಾಯುದ್ಧ ಮುಗಿದ ಮೇಲೂ ವಾರಕ್ಕೆ ಆರು ದಿನ, 48 ಗಂಟೆ ದುಡಿಮೆಯೇ ರೂಢಿ. 1956ರ ಮೇ ದಿನಕ್ಕೆ ಕಾರ್ಮಿಕ ಸಂಘಗಳ ಒಕ್ಕೂಟ ಒಂದು ಭಿತ್ತಿಪತ್ರ ಹೊರಡಿಸಿತು. ಅದರಲ್ಲಿ ಪುಟ್ಟ ಮಗುವೊಂದು, ಶನಿವಾರ ಅಪ್ಪ ನನ್ನವನು ಎನ್ನುತ್ತದೆ. ಐದು ದಿನದ ವಾರ, ನಲವತ್ತು ಗಂಟೆ ಅವರ ಬೇಡಿಕೆ. ಮುಂದಿನ ದಶಕದಲ್ಲಿ ಒಂದೊಂದೇ ಉದ್ಯಮ ಅದಕ್ಕೆ ಒಪ್ಪಿತು.

ಅಷ್ಟಕ್ಕೆ ನಿಲ್ಲಲಿಲ್ಲ. 1984ರಲ್ಲಿ ಐಜಿ ಮೆಟಾಲ್ ಕಾರ್ಮಿಕ ಸಂಘ ವಾರಕ್ಕೆ 35 ಗಂಟೆ ಬೇಕೆಂದು ಇದೇ ಸೀಮೆಯ ಕಾರು ಕಾರ್ಖಾನೆಗಳಲ್ಲಿ ಮುಷ್ಕರ ಹೂಡಿತು. ವಾರಗಟ್ಟಲೆ ನಡೆದ ಆ ಜಗ್ಗಾಟದ ಕೊನೆಗೆ ಮೊದಲು 38 ಗಂಟೆ 30 ನಿಮಿಷಕ್ಕೆ ರಾಜಿಯಾಗಿ, 1995ರಲ್ಲಿ 35 ಗಂಟೆಯೂ ಬಂತು. ಇಂದು ಬೆಂಗಳೂರಿನಿಂದ ಬಂದು ಈ ಕಂಪನಿಗಳಲ್ಲಿ ಕುಳಿತ ಎಂಜಿನಿಯರ್ ಸಂಜೆ ಐದಕ್ಕೆ ಮಗಳನ್ನು ಈಜಿಗೆ ಕರೆದೊಯ್ಯುವುದರ ಹಿಂದೆ ಆ ಮುಷ್ಕರವಿದೆ.

2023ರಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು ನಮ್ಮ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಉದಾಹರಣೆಗೆ ತಂದದ್ದು ಯುದ್ಧಾನಂತರದ ಜರ್ಮನ್ನರನ್ನೂ ಜಪಾನಿಯರನ್ನೂ. ಜರ್ಮನ್ನರು ಆಗ ಮೈಮುರಿದು ದುಡಿದದ್ದು ನಿಜ. ಆದರೆ ಯುದ್ಧ ಮುಗಿದು ಹನ್ನೊಂದೇ ವರ್ಷಕ್ಕೆ, ಆರ್ಥಿಕತೆ ಇನ್ನೂ ಏರುತ್ತಿದ್ದಾಗಲೇ, ಅದೇ ಜನ ಗಂಟೆ ಇಳಿಸಿ ಎಂದು ಕೇಳಿದರು. ಇಳಿಸಿದ ಮೇಲೂ ದೇಶ ಬೆಳೆಯಿತು. ಕಥೆಯ ಈ ಉತ್ತರಾರ್ಧವನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ದಿನನಿತ್ಯದಲ್ಲಿ ಇದು ಹೇಗೆ ಕಾಣುತ್ತದೆ? ಮಧ್ಯಾಹ್ನ ಹನ್ನೆರಡಾಯಿತೆಂದರೆ ಆಫೀಸಿನ ಓಣಿಯಲ್ಲಿ ಎದುರಾದವರೆಲ್ಲ ‘ಮಾಲ್‌ಟ್ಸೈಟ್’ ಎಂದು ಊಟದ ಶುಭಾಶಯ ಹೇಳಿಕೊಂಡು ಕ್ಯಾಂಟೀನಿಗೆ ನಡೆಯುತ್ತಾರೆ. ಮೇಜಿನ ಮುಂದೆಯೇ ಊಟ ಮುಗಿಸುವವನನ್ನು ಕನಿಕರದಿಂದ ನೋಡುತ್ತಾರೆ. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವುದರ ನಡುವೆ ಹನ್ನೊಂದು ಗಂಟೆ ಬಿಡುವಿರಬೇಕು. 1963ರ ರಜಾ ಕಾಯ್ದೆ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ರಜೆ ಕೊಡಿಸುತ್ತದೆ. ಹೆಚ್ಚಿನ ದೊಡ್ಡ ಕಂಪನಿಗಳಲ್ಲಿ ಅದು 30 ದಿನ. ರಜೆಯಲ್ಲಿದ್ದಾಗ ಜ್ವರ ಬಂದು ವೈದ್ಯರ ಚೀಟಿ ಪಡೆದರೆ ಆ ದಿನಗಳು ರಜೆಯ ಲೆಕ್ಕಕ್ಕೆ ಬರುವುದಿಲ್ಲ, ರಜೆ ವಾಪಸ್ ಸಿಗುತ್ತದೆ. ಕಾಯಿಲೆ ಬಿದ್ದರೆ ಆರು ವಾರದವರೆಗೆ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು. ರಜೆ ಕೇಳಲು ಅಜ್ಜಿಯನ್ನು ಸಾಯಿಸಬೇಕಾಗಿಲ್ಲ. ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ಆಫೀಸಿನಲ್ಲಿ ದೀಪ ಉರಿಯುತ್ತಿದ್ದರೆ ಅಲ್ಲಿರುವವನು ಭಾರತೀಯನೇ ಎಂಬುದು ಇಲ್ಲಿನ ಕನ್ನಡಿಗರು ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಮಾತು.

ಬಾಗಿಲಿಗೆ ತೂಗುವ ಫಲಕ

ಬಿಡುವು ಎಲ್ಲರದೂ ಆದರೆ ಕಸವೂ ಎಲ್ಲರದೇ. ಶ್ವಾಬಿಯಾದಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ, ಕೇರ್‌ವೋಖೆ. ಅಪಾರ್ಟ್‌ಮೆಂಟಿನ ಒಂದೊಂದು ಮನೆಗೆ ಒಂದೊಂದು ವಾರ ಗುಡಿಸುವ ಪಾಳಿ. ಬೇರು 15ನೇ ಶತಮಾನದ ನಗರ ಕಟ್ಟಳೆಯಲ್ಲಿದೆ ಎನ್ನುತ್ತಾರೆ. ಇಂದು ಅದು ಬಾಡಿಗೆ ಕರಾರಿನ ಒಂದು ಷರತ್ತು. ದಾರ ಕಟ್ಟಿದ ಅಂಗೈಯಗಲದ ಫಲಕವೊಂದು ಬಾಗಿಲ ಹಿಡಿಗೆ ತೂಗಿತೆಂದರೆ ಆ ವಾರ ನಿಮ್ಮದು. ಇದರಲ್ಲೂ ಚಿಕ್ಕದು, ದೊಡ್ಡದು ಎಂದು ಎರಡು ಬಗೆ. ಚಿಕ್ಕದರಲ್ಲಿ ನಿಮ್ಮ ಮಹಡಿಯ ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡದರಲ್ಲಿ ಹೆಬ್ಬಾಗಿಲು, ನೆಲಮಾಳಿಗೆ, ಕಸದ ಡಬ್ಬಗಳ ಜಾಗ, ಮನೆ ಮುಂದಿನ ಕಾಲುದಾರಿ ಎಲ್ಲ ಸೇರುತ್ತವೆ. ಹಿಮ ಬಿದ್ದರೆ ಬೆಳಿಗ್ಗೆ ಏಳರೊಳಗೆ ಕೆರೆದು ದಾರಿ ಮಾಡಬೇಕು. ವಾರ ಮುಗಿದ ಮೇಲೆ ಫಲಕವನ್ನು ಮುಂದಿನ ಮನೆಯ ಬಾಗಿಲಿಗೆ ತೂಗಿಬಿಡುವುದು.

ಮನೆಗೆಲಸದವರಿಗೆ ಪೊರಕೆ ಒಪ್ಪಿಸಿ ಬೆಳೆದ ನಮ್ಮಂಥವರಿಗೆ ಮೊದಮೊದಲು ಇದು ಅವಮಾನವೇ. ಆಮೇಲೆ ಕಣ್ಣಿಗೆ ಬೀಳುವುದು ಬೇರೆ ಸಂಗತಿ. ಮೇಲಿನ ಮನೆಯ ವಿಭಾಗ ಮುಖ್ಯಸ್ಥ, ಕೆಳಗಿನ ಮನೆಯ ಬಸ್ ಡ್ರೈವರ್ ಇಬ್ಬರೂ ಅದೇ ಮೆಟ್ಟಿಲನ್ನು ಅದೇ ರೀತಿ ಒರೆಸುತ್ತಾರೆ. ಮಾತು ಶುರುವಾಗುವುದೂ ಅಲ್ಲೇ. ನಮ್ಮ ಕಟ್ಟಡದ ಹಿರಿಯ ಹೆಂಗಸೊಬ್ಬರು ನಾನು ಒರೆಸಿದ್ದನ್ನು ನೋಡಿ ಮೊದಲು ಆಡಿದ ಮಾತು, ‘ಮೂಲೆ ಬಿಟ್ಟಿದ್ದೀರಿ’ ಎಂದು. ಎರಡನೇ ಸಲ ಏನೂ ಅನ್ನಲಿಲ್ಲ. ಬೈಯದಿದ್ದರೆ ಅದೇ ಹೊಗಳಿಕೆ ಎಂಬ ಗಾದೆ ಈ ಸೀಮೆಯದು. ಆಮೇಲೊಂದು ದಿನ ಅವರು ತಮ್ಮ ಮನೆಯ ಪ್ಲಮ್ ಜಾಮಿನ ಬಾಟಲಿ ತಂದುಕೊಟ್ಟರು, ಖಾಲಿ ಬಾಟಲಿ ತೊಳೆದು ವಾಪಸ್ ಕೊಡಬೇಕೆಂಬ ತಾಕೀತಿನೊಂದಿಗೆ. ಮುಖದ ಮೇಲೆ ಹೇಳುವ ಈ ಗುಣ ಕಹಿಯೆನಿಸಿದರೂ ಅದರಲ್ಲೊಂದು ಸುಖವಿದೆ: ಬೆನ್ನ ಹಿಂದೆ ಏನಂದುಕೊಂಡರೋ ಎಂಬ ಯೋಚನೆಯೇ ಬೇಡ.

ಇದೇ ಮನೋಭಾವ ಖಾಲಿ ಬಾಟಲಿಗಳಲ್ಲೂ ಇದೆ. 2003ರ ಜನವರಿಯಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳ ಮೇಲೆ 25 ಸೆಂಟ್ ಠೇವಣಿ. ಮತ್ತೆ ತುಂಬಿಸುವ ಬಿಯರ್ ಬಾಟಲಿಗೆ 8 ಸೆಂಟ್. ಸೂಪರ್‌ಮಾರ್ಕೆಟ್ಟಿನ ಮೂಲೆಯ ಯಂತ್ರದ ಬಾಯಿಗೆ ಬಾಟಲಿ ಇಟ್ಟರೆ ಅದು ತಿರುಗಿಸಿ ಗುರುತು ಓದಿ ಒಳಗೆಳೆದುಕೊಳ್ಳುತ್ತದೆ; ಕೊನೆಗೆ ಗುಂಡಿ ಒತ್ತಿದರೆ ಚೀಟಿ, ಚೀಟಿಗೆ ದುಡ್ಡು. ಈ ಕೆಲಸ ಮಕ್ಕಳಿಗೆ ಬಲು ಇಷ್ಟ. ದಾರಿಯಲ್ಲಿ ಕುಡಿದವರು ಬಾಟಲಿಯನ್ನು ಕಸದ ಡಬ್ಬದ ಒಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ, ಆಯುವವರು ಕೈ ಕೊಳೆ ಮಾಡಿಕೊಳ್ಳಬಾರದು ಎಂದು. ಆಯುವವರಲ್ಲಿ ಪಿಂಚಣಿ ಸಾಲದ ಮುದುಕರೂ ಇದ್ದಾರೆ. ಶ್ರೀಮಂತ ದೇಶದ ಈ ಮುಖವನ್ನೂ ಅದೇ ಬಾಟಲಿ ತೋರಿಸುತ್ತದೆ.

ಏಳು ಜನ ಸೇರಿದರೆ ಸಂಘ

ಜರ್ಮನ್ನರಲ್ಲಿ ಸ್ನೇಹ ಸಿಗುವುದಿಲ್ಲ ಎನ್ನುವವರು ಸಾಮಾನ್ಯವಾಗಿ ಅದನ್ನು ಆಫೀಸಿನಲ್ಲಿ ಹುಡುಕಿದವರು. ಸ್ನೇಹ ಇರುವುದು ಸಂಘಗಳಲ್ಲಿ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು; ದೇಶದಲ್ಲಿ ಇಂಥವು ಸುಮಾರು ಆರು ಲಕ್ಷ ಇವೆ. ಫುಟ್‌ಬಾಲ್, ಚೆಸ್, ಮೊಲ ಸಾಕಣೆ, ಗುಂಪು ಗಾಯನ, ಹಳೆಯ ಟ್ರಾಮ್ ರಿಪೇರಿ, ಏನುಂಟು ಏನಿಲ್ಲ. ದೊಡ್ಡ ನಗರಗಳನ್ನು ಬಿಟ್ಟರೆ ಬೆಂಕಿ ಆರಿಸುವ ಕೆಲಸವೂ ಸ್ವಯಂಸೇವಕರದೇ. ಹತ್ತು ಲಕ್ಷದಷ್ಟು ಜನ ಬಿಡುವಿನಲ್ಲಿ ಸಂಬಳವಿಲ್ಲದೆ ಆ ಕೆಲಸ ಮಾಡುತ್ತಾರೆ. ಗಂಟೆ ಇಳಿಸಿಕೊಂಡು ಗಳಿಸಿದ ಬಿಡುವನ್ನು ಇವರು ಎಲ್ಲಿ ಖರ್ಚು ಮಾಡುತ್ತಾರೆ ಎಂಬುದಕ್ಕೆ ಇದೇ ಉತ್ತರ. ಇಲ್ಲಿ ರಾಜ್ಯೋತ್ಸವ, ಯುಗಾದಿ ನಡೆಸುವ ಕನ್ನಡ ಸಂಘ ನೋಂದಣಿಗೆ ಹೋದರೂ ಅದೇ ಏಳು ಜನ, ಅದೇ ನಡಾವಳಿ ಪುಸ್ತಕ.

ಸಂಘಗಳಲ್ಲಿ ಹೊರಗಿನವರನ್ನು ಹೆಚ್ಚು ಸೆಳೆಯುವುದು ಕೈತೋಟದ ಸಂಘ. 1864ರಲ್ಲಿ ಲೈಪ್‌ಸಿಗ್‌ನ ಶಾಲಾ ಮುಖ್ಯಸ್ಥ ಹೌಶಿಲ್ಡ್ ಮಕ್ಕಳ ಆಟದ ಬಯಲಿಗಾಗಿ ಕಟ್ಟಿದ ಸಂಘಕ್ಕೆ ಡಾ. ಶ್ರೇಬರ್ ಎಂಬ ವೈದ್ಯನ ಹೆಸರಿಟ್ಟ. ಬಯಲಂಚಿನ ಪಾತಿಗಳು ಬೆಳೆದು ತೋಟಗಳಾದವು. ಈಗ ದೇಶದಲ್ಲಿ ಸುಮಾರು ಒಂಬತ್ತು ಲಕ್ಷ ತೋಟಗಳಿವೆ. 1983ರ ಕಾಯ್ದೆಯ ಪ್ರಕಾರ ಒಂದೊಂದೂ 400 ಚದರ ಮೀಟರ್ ಮೀರಬಾರದು. ಮೂರನೇ ಒಂದು ಭಾಗದಲ್ಲಿ ಹಣ್ಣು ತರಕಾರಿ ಬೆಳೆಯಲೇಬೇಕು. ನಗರಗಳಲ್ಲಿ ವರ್ಷಗಟ್ಟಲೆ ಕಾಯಬೇಕು. ಕಾದು ಪಡೆದವರಲ್ಲಿ ನಮ್ಮವರೂ ಇದ್ದಾರೆ. ಮೇ ತಿಂಗಳ ನಡುವೆ ಬರುವ ‘ಹಿಮದ ಸಂತರ’ ದಿನಗಳು ಕಳೆಯುವವರೆಗೆ ಸಸಿ ನೆಡಬೇಡಿ ಎಂದು ಪಕ್ಕದ ತೋಟದವರು ಎಚ್ಚರಿಸುತ್ತಾರೆ. ಆಮೇಲೆ ಮೆಂತ್ಯ, ಕೊತ್ತಂಬರಿ, ಹಸಿಮೆಣಸಿನಕಾಯಿ. ಆಗಸ್ಟ್ ಬಂತೆಂದರೆ ಬೇಲಿಯಾಚೆಯಿಂದ ಜುಕಿನಿ ಈಚೆ ಬರುತ್ತದೆ, ಈಚೆಯಿಂದ ಮೆಣಸಿನಕಾಯಿ ಎಚ್ಚರಿಕೆಯ ಮಾತಿನೊಂದಿಗೆ ಆಚೆ ಹೋಗುತ್ತದೆ.

ಇನ್ನೊಂದು ಜಾಗ ದ್ರಾಕ್ಷಿ ಬೆಳೆಗಾರರ ಮನೆ. ಬಾಗಿಲ ಮುಂದೆ ಪೊರಕೆ ತೂಗಿಸಿದ್ದರೆ ಒಳಗೆ ಅವರದೇ ವೈನು, ಅವರದೇ ಅಡುಗೆ ಸಿಗುತ್ತದೆ ಎಂದರ್ಥ. ವರ್ಷಕ್ಕೆ ನಾಲ್ಕು ತಿಂಗಳು ಮೀರದಂತೆ, 40 ಕುರ್ಚಿ ಮೀರದಂತೆ ನಡೆಸಿದರೆ ಹೋಟೆಲ್ ಪರವಾನಗಿ ಬೇಡ. ಉದ್ದನೆಯ ಮೇಜಿಗೆ ಎಲ್ಲರೂ ಒತ್ತಿಕೊಂಡು ಕೂರಬೇಕು. ಬಾಯಿ ಬಿಡದ ಶ್ವಾಬಿಯನ್ನರು ಇಲ್ಲಿ ಎರಡನೇ ಲೋಟದ ಹೊತ್ತಿಗೆ ನಿಮ್ಮ ಊರಿನ ಮಳೆ–ಬೆಳೆ ವಿಚಾರಿಸುತ್ತಾರೆ. ಕುಡಿಯದವರಿಗೆ ದ್ರಾಕ್ಷಿರಸ, ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಶ್ಪೆಟ್ಸ್‌ಲೆ ಎಂಬ ತಿನಿಸು.

ನಡೆದೇ ಶಾಲೆಗೆ

ಅಪ್ಪ–ಅಮ್ಮಂದಿರನ್ನು ಕೇಳಿದರೆ ಅವರು ಮೊದಲು ಹೇಳುವುದು ಮಕ್ಕಳ ಸ್ವಾತಂತ್ರ್ಯವನ್ನು. ಆರು ವರ್ಷಕ್ಕೆ ಒಂದನೇ ತರಗತಿ. ಮೊದಲ ದಿನ ಮಗುವಿನ ಕೈಗೆ ಅದರಷ್ಟೇ ಎತ್ತರದ, ಸಿಹಿ ಮತ್ತು ಪೆನ್ಸಿಲು ತುಂಬಿದ ಬಣ್ಣದ ರಟ್ಟಿನ ಶಂಕು ಕೊಡುತ್ತಾರೆ. ಕೆಲ ದಿನ ಕಳೆದರೆ ಅದೇ ಮಗು ಹೊಳೆಯುವ ಬ್ಯಾಗು ಹಾಕಿಕೊಂಡು ಗೆಳೆಯರೊಂದಿಗೆ ನಡೆದೇ ಶಾಲೆಗೆ ಹೋಗುತ್ತದೆ. ಕಾರಿನಲ್ಲಿ ಬಿಡಬೇಡಿ, ನಡೆಯಲು ಬಿಡಿ ಎಂದು ಶಾಲೆಯವರೇ ಕೇಳಿಕೊಳ್ಳುತ್ತಾರೆ. ನಾಲ್ಕನೇ ತರಗತಿಯಲ್ಲಿ ಪೊಲೀಸರೇ ಸೈಕಲ್ ಸವಾರಿ ಕಲಿಸಿ ಪರೀಕ್ಷೆ ಮಾಡುತ್ತಾರೆ. ದಾರಿಹೋಕರೆಲ್ಲ ಆ ಮಕ್ಕಳ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ ಎಂಬ ಭರವಸೆಯಿಲ್ಲದೆ ಇದು ನಡೆಯದು. ಕೆಂಪು ದೀಪವಿದ್ದಾಗ ರಸ್ತೆ ದಾಟಿದರೆ ಅಜ್ಜಿಯೊಬ್ಬರು ಗದರುವುದೂ ಅದಕ್ಕೇ: ಮಕ್ಕಳು ನೋಡುತ್ತಿದ್ದಾರೆ!

ಸರಿಯಿಲ್ಲದ್ದೂ ಇದೆ

ಹೊಗಳಿಕೆ ಹೆಚ್ಚಾಯಿತೆಂದರೆ ಶ್ವಾಬಿಯನ್ನರಿಗೇ ಮುಜುಗರ. 2024ರಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟಿದ ದೂರದ ರೈಲುಗಳು ಶೇ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಲೆಕ್ಕಿಸದೆ. ಸ್ಟುಟ್‌ಗಾರ್ಟ್‌ನ ಮುಖ್ಯ ರೈಲು ನಿಲ್ದಾಣವನ್ನು 2010ರಿಂದ ಅಗೆಯುತ್ತಿದ್ದಾರೆ. ತಜ್ಞ ವೈದ್ಯರನ್ನು ನೋಡಲು ತಿಂಗಳುಗಟ್ಟಲೆ ಕಾಯಬೇಕು. ಗಂಡನ ಅಥವಾ ಹೆಂಡತಿಯ ಕೆಲಸಕ್ಕಾಗಿ ಜೊತೆಗೆ ಬಂದವರ ಪಾಡು ಎಲ್ಲಕ್ಕಿಂತ ಕಷ್ಟ: ಭಾಷೆ ಬಾರದೆ ಕೆಲಸವಿಲ್ಲ, ಕೆಲಸವಿಲ್ಲದೆ ಜನರ ಒಡನಾಟವಿಲ್ಲ. 2025ರ ಫೆಬ್ರುವರಿಯ ಚುನಾವಣೆಯಲ್ಲಿ ವಲಸೆಯನ್ನು ವಿರೋಧಿಸುವ ಎಎಫ್‌ಡಿ ಪಕ್ಷ ಶೇ 20.8 ಮತ ಪಡೆದು ಎರಡನೇ ಸ್ಥಾನಕ್ಕೆ ಬಂತು. ಆ ರಾತ್ರಿ ಭಾರತೀಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಯಾರೂ ನೆಮ್ಮದಿಯ ಮಾತಾಡಲಿಲ್ಲ.

ಇಷ್ಟಿದ್ದೂ ಇಲ್ಲಿಂದ ಬೆಂಗಳೂರಿಗೆ ಮರಳಿದವರು ಹಂಬಲಿಸುವುದು ಬ್ರೆಡ್ಡಿಗೋ ಕಾಡಿಗೋ ಮಾತ್ರವಲ್ಲ. ಊರಿನಲ್ಲಿ ಹತ್ತು ನಿಮಿಷಕ್ಕೆ ಬಾಗಿಲಿಗೆ ಹಾಲು ಬರುತ್ತದೆ, ಗುಡಿಸುವವರು ಬೇರೆ, ಅಡುಗೆಯವರು ಬೇರೆ. ಜರ್ಮನಿಯಲ್ಲಿ ಒಳ್ಳೆಯ ಸಂಬಳಗಾರನಿಗೂ ಇಲ್ಲದ ಅನುಕೂಲ ಇದು. ಆದರೆ ಭಾನುವಾರ ರಾತ್ರಿ ಒಂಬತ್ತಕ್ಕೆ ಮೇಲಧಿಕಾರಿಯ ಫೋನು ಬಂದಾಗ ಆ ಅನುಕೂಲದ ಬೆಲೆ ಗೊತ್ತಾಗುತ್ತದೆ: ಹಾಲಿನ ಹುಡುಗನ ಭಾನುವಾರ ನಮ್ಮ ಕೈಯಲ್ಲಿ, ನಮ್ಮ ಭಾನುವಾರ ಇನ್ನೊಬ್ಬರ ಕೈಯಲ್ಲಿ. 2024ರಲ್ಲಿ ದಿನದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾಪದ ವಿರುದ್ಧ ಕರ್ನಾಟಕದ ಐಟಿ ನೌಕರರ ಸಂಘ ಪ್ರತಿಭಟಿಸಿತು. 1956ರಲ್ಲಿ ಜರ್ಮನ್ನರೂ ಹೀಗೇ ಒಂದು ಬೇಡಿಕೆ ಹಿಡಿದು ನಿಂತಿದ್ದರು.

ಬಿಡುವು ಒಬ್ಬರೇ ಕೊಂಡು ತರುವ ಸಾಮಾನಲ್ಲ. ಮೇಲಧಿಕಾರಿ ಫೋನು ಕೆಳಗಿಟ್ಟು, ಗಿರಾಕಿ ಸೋಮವಾರದವರೆಗೆ ತಡೆದು, ಪ್ರತಿಯೊಬ್ಬರೂ ತಮ್ಮ ಮನೆ ಮುಂದಿನ ಮೆಟ್ಟಿಲನ್ನು ತಾವೇ ಒರೆಸಲು ಒಪ್ಪಿದಾಗ ಮಾತ್ರ ಅದು ಸಿಗುತ್ತದೆ. ಜರ್ಮನ್ನರ ನಡುವೆ ಬಾಳಿದವರು ಮೆಚ್ಚುವುದು ಈ ಒಪ್ಪಂದವನ್ನು. ಜರ್ಮನ್ನರು ನಗದಿದ್ದರೂ ಅದಕ್ಕೇ ನಡೆದುಹೋಗುತ್ತದೆ.